ಅರವತ್ತು ದಾಟಿದವರ ಗುಡ್ಡದ ನಡಿಗೆ: ಮೊದಲು ಇಳಿಯಲು ಕಲಿಯಿರಿ

ಗುಡ್ಡ ಹತ್ತುವಾಗ ಏದುಸಿರು ಬರುತ್ತದೆ, ಹಾಗಾಗಿ ಎಲ್ಲರಿಗೂ ಏರಿನದೇ ಚಿಂತೆ. ಮಂಡಿ ನೋಯುವುದು, ಕಾಲು ಜಾರುವುದು ಮಾತ್ರ ಹೆಚ್ಚಾಗಿ ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ರೂಢಿಯಿಲ್ಲದಿದ್ದರೆ ಒಂದೆರಡು ದಿನ ಬಿಟ್ಟು ತೊಡೆ ಹಿಡಿದುಕೊಳ್ಳುತ್ತದೆ.

ಆದ್ದರಿಂದ ಮೂರು ವಾರ ಮೊದಲೇ ಮನೆಯ ಮೆಟ್ಟಿಲಲ್ಲಿ ಶುರುಮಾಡಿ. ಕಂಬಿ ಹಿಡಿದು ಕೊನೆಯ ಮೆಟ್ಟಿಲ ಮೇಲೆ ನಿಂತು, ಮೂರು ಎಣಿಸುವಷ್ಟು ನಿಧಾನವಾಗಿ ಒಂದು ಪಾದವನ್ನು ನೆಲಕ್ಕೆ ಇಳಿಸಿ. ಕಾಲಿಗೆ 8 ಸಲದಂತೆ ಎರಡು ಸುತ್ತು, ವಾರಕ್ಕೆ ಮೂರು ದಿನ. ಮೇಲಿರುವ ಕಾಲಿನ ಮಂಡಿ ಒಳಕ್ಕೆ ವಾಲುತ್ತಿದ್ದರೆ ಮೆಟ್ಟಿಲು ನಿಮಗೆ ಎತ್ತರವಾಯಿತು. ತಗ್ಗಾದ ಗಟ್ಟಿ ಹಲಗೆ ಸಾಕು.

ಮೊದಲ ಗುಡ್ಡ 100 ಮೀಟರ್‌ಗೆ 5ರಿಂದ 8 ಮೀಟರ್ ಏರುವಂಥದ್ದಿರಲಿ, ಹೋಗಿಬರಲು 30 ನಿಮಿಷ. ವಾರಕ್ಕೆರಡು ಸಲ, ನಡುವೆ ಎರಡು ದಿನ ಬಿಡುವು. ವಾರಕ್ಕೆ 5 ನಿಮಿಷದಂತೆ ಮೊದಲು ಸಮಯ ಹೆಚ್ಚಿಸಿ, ಕಡಿದಾದ ಏರು ಆಮೇಲೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅದೇ ಸರಿಯಾದ ವೇಗ. ರಕ್ತದೊತ್ತಡಕ್ಕೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ನಾಡಿಬಡಿತವನ್ನು ತಗ್ಗಿಸುವುದರಿಂದ ಅದನ್ನು ನುಂಗುವವರಿಗೆ ಕೈಗಡಿಯಾರದ ಲೆಕ್ಕಕ್ಕಿಂತ ಈ ಮಾತಿನ ಪರೀಕ್ಷೆಯೇ ಮೇಲು. ತುದಿ ಮುಟ್ಟಿದೊಡನೆ ಗಕ್ಕನೆ ನಿಲ್ಲಬೇಡಿ. ರಕ್ತ ಕಾಲಲ್ಲೇ ತಂಗಿ ತಲೆ ಸುತ್ತೀತು. ಒಂದೆರಡು ನಿಮಿಷ ಅಲ್ಲೇ ಅಡ್ಡಾಡಿ.

ಇಳಿಯುವ ಮುನ್ನ ಬೂಟಿನ ದಾರವನ್ನು ಪಾದದ ಗಂಟಿನ ಬಳಿ ಬಿಗಿಮಾಡಿ. ಸಡಿಲವಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಉದ್ದ ಹೊಂದಿಸಬಲ್ಲ ನಡಿಗೆಯ ಕೋಲುಗಳಿದ್ದರೆ, ಅವನ್ನು ಏರಿನಲ್ಲಿ ಮೊಣಕೈ 90 ಡಿಗ್ರಿ ಮಡಿಯುವಷ್ಟು ಇಟ್ಟುಕೊಂಡು, ಇಳಿಯುವಾಗ 5ರಿಂದ 10 ಸೆಂಟಿಮೀಟರ್ ಉದ್ದಮಾಡಿ. ಹೆಜ್ಜೆ ಗಿಡ್ಡ, ಮಂಡಿ ತುಸು ಬಾಗಿರಲಿ. ಬೀಳುವ ಭಯಕ್ಕೆ ಹಿಂದಕ್ಕೆ ವಾಲುವವರೇ ಹೆಚ್ಚು, ಜಾರುವುದೂ ಅದರಿಂದಲೇ: ಭಾರವೆಲ್ಲ ಹಿಮ್ಮಡಿಗೆ ಬಿದ್ದು ಪಾದದ ಹಿಡಿತ ತಪ್ಪುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಇರಲೇಬೇಕು. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ. ಎದೆ ಬಿಗಿತ, ಕಣ್ಣು ಕತ್ತಲೆ ಕಂಡರೆ ಅಲ್ಲೇ ಕುಳಿತು ನೆರವು ಕರೆಯಿರಿ.

ಮರುದಿನ ಎರಡೂ ತೊಡೆ ಸಮನಾಗಿ ನೋಯುತ್ತಿದ್ದರೆ ಹೆದರಬೇಡಿ, ಮುಂದಿನ ಸಲ ಅಷ್ಟಿರದು. ಒಂದೇ ಮಂಡಿ ಊದಿದ್ದರೆ ಇಳಿತ ನಿಲ್ಲಿಸಿ, ಊತ ಇಳಿಯುವವರೆಗೆ ಸಮತಟ್ಟಿನಲ್ಲೇ ನಡೆಯಿರಿ.