ಮೋರಿ ಮುಳುಗುವ ಮೊದಲು: ಮೂವರು ಮಕ್ಕಳೊಂದಿಗೆ ಮನೆ ಬಿಟ್ಟ ನನ್ನ ಅನುಭವ

ಹೊಳೆಬದಿಯಲ್ಲಿ ಮನೆಯಿರುವವರಿಗೆ ಟಾರ್ಚ್, ಒಣಬಟ್ಟೆ, ರೇಷನ್ ಕಾರ್ಡ್ ಕಟ್ಟಿಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಅಡೂರಿನ ಆಸುಪಾಸಿನಲ್ಲಿ, ಪಯಸ್ವಿನಿ ಹೊಳೆಯ ಕಡೆಗೆ ಇಳಿಜಾರಾದ ಅಡಿಕೆ ತೋಟದ ನಡುವೆ ನಮ್ಮ ಮನೆ. ಮಕ್ಕಳಿಗೆ ಏಳು ವರ್ಷ, ನಾಲ್ಕು ವರ್ಷ, ಚಿಕ್ಕದಕ್ಕೆ ಆಗ ಎಂಟು ತಿಂಗಳು. ಕಳೆದ ಮಳೆಗಾಲದ ಒಂದು ರಾತ್ರಿ ಇವರನ್ನೆಲ್ಲ ಎಬ್ಬಿಸಿ ಗುಡ್ಡದ ಮೇಲಿರುವ ಚಿಕ್ಕಪ್ಪನ ಮನೆಗೆ ಹೊರಡಿಸಲು ನಮಗೆ ಹಿಡಿದದ್ದು ಸುಮಾರು ಹತ್ತು ನಿಮಿಷ. "ಅಂಗಳಕ್ಕೆ ನೀರು ಬಂದ ಮೇಲೆ ಹೊರಟರೆ ಸಾಲದೇ ಮಾರಾಯ" ಎಂದು ವರ್ಷವಿಡೀ ನಗುತ್ತಿದ್ದ ಭಾವ ಈಗ ತಮ್ಮ ಗೋಡೆಗೂ ನನ್ನಿಂದಲೇ ಗುರುತು ಹಾಕಿಸಿಕೊಂಡಿದ್ದಾರೆ.

ಆ ಗುರುತಿನಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ಹೊಳೆ ಏರಿದಾಗ ಅದನ್ನು ಸೇರುವ ಸಣ್ಣ ತೋಡಿನ ನೀರು ಹಿಂದಕ್ಕೆ ಒತ್ತಿ, ಅಂಗಳ ಒದ್ದೆಯಾಗುವುದಕ್ಕೆ ಬಹಳ ಮೊದಲೇ ನಮ್ಮ ದಾರಿಯ ಮೋರಿ ಮುಳುಗುತ್ತದೆ. ರಭಸದ ನೀರು ಅರ್ಧ ಅಡಿಯಿದ್ದರೂ ದೊಡ್ಡವರ ಕಾಲು ತಪ್ಪಿಸಬಲ್ಲದು, ಒಂದಡಿಯಾದರೆ ಸಣ್ಣ ಕಾರನ್ನೇ ತೇಲಿಸಬಲ್ಲದು. ಮಗುವನ್ನು ಎತ್ತಿಕೊಂಡು ಅದನ್ನು ದಾಟುವ ಮಾತೇ ಇಲ್ಲ. ಆದ್ದರಿಂದ ಮೋರಿಯ ಪಕ್ಕದ ಮುರಕಲ್ಲಿನ ಕಟ್ಟೆಗೆ ಎರಡು ಪಟ್ಟಿ ಬಳಿದೆ. ಕೆಳಗಿನದಕ್ಕೆ ನೀರು ತಾಗಿದರೆ ಜೀಪು ಮತ್ತು ದನಗಳು ಗುಡ್ಡಕ್ಕೆ. ಮೇಲಿನದಕ್ಕೆ ತಾಗಿದರೆ ಮನುಷ್ಯರು, ಗಂಟೆ ಎಷ್ಟೇ ಆಗಿರಲಿ. ಆ ಹೊತ್ತಿನಲ್ಲಿ ಚರ್ಚೆಗೆ ಅವಕಾಶವಿಲ್ಲವೆಂದು ಅಮ್ಮನಿಂದಲೂ ಮೊದಲೇ ಒಪ್ಪಿಗೆ ಪಡೆದಿದ್ದೆ.

ನಮ್ಮ ಊರಿನ ಮಳೆಯನ್ನು ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಈ ಹೊಳೆ ಇಳಿಯುವುದು ಕೊಡಗಿನ ಗುಡ್ಡಗಳಿಂದ, ಸುಳ್ಯದ ಮೂಲಕ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದದ್ದು ಇದೇ ಹೊಳೆಯ ಮೇಲ್ಭಾಗದಲ್ಲಿ. ಕಾಸರಗೋಡಿಗೆ ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆಯಷ್ಟೇ ಇದ್ದರೂ ಕೊಡಗಿಗೆ ಆರೆಂಜ್, ಅಂದರೆ ಒಂದು ದಿನಕ್ಕೆ 115.6ರಿಂದ 204.4 ಮಿಲಿಮೀಟರ್ ಮಳೆಯ ಸೂಚನೆ ಬಂದರೆ, ಆ ರಾತ್ರಿ ನಾವು ಚಪ್ಪಲಿಗಳನ್ನು ಮಂಚದ ಬಳಿಯೇ ಇಟ್ಟು ಮಲಗುತ್ತೇವೆ. ಸುಳ್ಯದ ಅತ್ತಿಗೆಗೆ ಒಂದು ಫೋನು ಮಾಡುವುದು ಇದಕ್ಕಿಂತಲೂ ಬೇಗ ತಿಳಿಸುತ್ತದೆ.

ಹಣ ಹೋದದ್ದು ಚೀಲಗಳಿಗೆ. ನೀರು ಒಳಹೋಗದು ಎಂಬ ಭರವಸೆಯ ಚೀಲವೊಂದಕ್ಕೆ ಹದಿನಾಲ್ಕು ನೂರರಷ್ಟು ಕೊಟ್ಟೆ. ಹಂಡೆಯಲ್ಲಿ ಮುಳುಗಿಸಿಟ್ಟು ಪರೀಕ್ಷಿಸಿದರೆ ಅರ್ಧ ಗಂಟೆಯೊಳಗೆ ಜಮೀನಿನ ತೀರ್ವೆ ರಶೀದಿಯ ನಕಲು ಮೆತ್ತಗಾಗಿತ್ತು. ಕೊನೆಗೆ ಉಳಿದದ್ದು ಇನ್ನೂರೈವತ್ತರ ಆಸುಪಾಸಿನ, ಬಾಯಿಗೆ ಬಳೆಯಿರುವ ಪ್ಲಾಸ್ಟಿಕ್ ಡ್ರಮ್ಮು. ಅದರ ಮುಚ್ಚಳಕ್ಕೆ ನಾನು ಮಾಡಿದ ಸಣ್ಣ ತಿದ್ದುಪಡಿಯನ್ನು ಸದ್ಯಕ್ಕೆ ಹೇಳುವುದಿಲ್ಲ. ಇನ್ನೊಂದು ಮಳೆಗಾಲ ಅದು ತಡೆಯಲಿ. ಎರಡು ಸಾವಿರದ ಮಗು ಹೊರುವ ಪಟ್ಟಿಯೂ ಕತ್ತಲೆಯಲ್ಲಿ ಕೊಂಡಿ ಸಿಗದೆ ಮೂಲೆ ಸೇರಿತು. ನನ್ನ ಹೆಂಡತಿ ಹಳೆಯ ಹತ್ತಿ ಸೀರೆಯಿಂದ ಚಿಕ್ಕದನ್ನು ಎದೆಗೆ ಕಟ್ಟಿಕೊಂಡು, ಮೇಲಿಂದ ನನ್ನ ದೊಡ್ಡ ಮಳೆಕೋಟು ಹಾಕಿಕೊಂಡಳು. ಎರಡೂ ಕೈ ಖಾಲಿ ಉಳಿದವು. ಬಿಸ್ಕತ್ತು ಆಟಿ ತಿಂಗಳ ಮಳೆಯ ತಂಡಿಗೆ ಮೆತ್ತಗಾಗುತ್ತದೆಯೆಂದು ಅದರ ಬದಲಿಗೆ ಹುರಿದ ಅವಲಕ್ಕಿ, ಬೆಲ್ಲ, ಹಲಸಿನ ಹಪ್ಪಳ ಇಟ್ಟು ನೋಡಿದೆ. ಬೆಲ್ಲ ನೀರೊಡೆಯಿತು, ಹಪ್ಪಳ ಹಸಿಯಾಗಿಯೇ ಮಕ್ಕಳಿಗೆ ಹಿಡಿಸಿತು, ಅವಲಕ್ಕಿ ಗಾಜಿನ ಭರಣಿಯಲ್ಲಿ ಎರಡು ತಿಂಗಳ ಮೇಲೂ ಗರಿಗರಿಯಾಗಿತ್ತು. ಆದರೆ ಭರಣಿಯನ್ನು ಹೊತ್ತು ಓಡುವವರು ಯಾರು? ಒಟ್ಟು ಖರ್ಚು ಆರು ಸಾವಿರ ಮುಟ್ಟಿರಬಹುದು, ಅದರಲ್ಲಿ ಕೆಲಸಕ್ಕೆ ಬಂದದ್ದು ಎರಡು ಸಾವಿರದ ವಸ್ತುಗಳು.

ಮಕ್ಕಳ ಅಭ್ಯಾಸವನ್ನು ಹಗಲಿನಲ್ಲಿ ಮಾಡಿದಾಗ ಅದು ಬರಿಯ ಆಟವಾಯಿತು, ರಾತ್ರಿ ಮಾಡಿದಾಗ ರಂಪವಾಯಿತು. ನಡುವಿನವಳು ಅತ್ತು ಮಂಚದಡಿ ಸೇರಿದ ಮೇಲೆ ಗಡಿಯಾರ ಹಿಡಿಯುವುದನ್ನು ಬಿಟ್ಟು, ಯಾವ ಮಗು ಯಾರ ಕೈಯಲ್ಲಿ ಎಂಬುದೊಂದನ್ನೇ ಗಟ್ಟಿಮಾಡಿದೆವು: ದೊಡ್ಡವನು ಅಜ್ಜಿಯೊಂದಿಗೆ, ನಡುವಿನವಳು ನನ್ನೊಂದಿಗೆ. ದೊಡ್ಡವನ ಚೀಲದಲ್ಲಿ ಒಂದು ಜತೆ ಬಟ್ಟೆ ಮತ್ತು ಅವನೇ ಆರಿಸಿದ ಒಂದು ಆಟಿಕೆ ಮಾತ್ರ. ಒಂದೂವರೆ ಕಿಲೋ ದಾಟಿದರೆ ಅವನು ದಾರಿಯಲ್ಲಿ ಚೀಲವನ್ನು ನಮಗೆ ದಾಟಿಸುತ್ತಾನೆ. ನಾಲ್ಕು ವರ್ಷದವಳು ನಿದ್ದೆಗಣ್ಣಿನಲ್ಲೇ ಚಪ್ಪಲಿ ಹಾಕಿಕೊಳ್ಳುವಂತೆ ಮಾಡಿದ ಉಪಾಯ ಮನೆಗೆ ಬಂದು ಕೇಳಿದವರಿಗೆ ಮಾತ್ರ.

ಮಕ್ಕಳ ಕೊರಳಿನ ಚೀಟಿಯಲ್ಲಿ ಹೆಸರು, ನಮ್ಮ ಮತ್ತು ಚಿಕ್ಕಪ್ಪನ ಫೋನ್ ನಂಬರುಗಳನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಸಿದ್ದೇನೆ. ರಕ್ಷಣೆಗೆ ಬರುವವರು ತೆಂಕಣ ಜಿಲ್ಲೆಯವರಾಗಿದ್ದರೆ ಕನ್ನಡದ ಚೀಟಿಯನ್ನು ಓದುವವರಿರುವುದಿಲ್ಲ; ಅಮ್ಮನಿಗೆ ಮಲಯಾಳ ಓದಲು ಬಾರದು. ಜಿಲ್ಲಾ ಕಂಟ್ರೋಲ್ ರೂಮಿನ 1077 ಮತ್ತು 112 ಅಡುಗೆಮನೆಯ ಬಾಗಿಲಿನಲ್ಲಿ ದೊಡ್ಡ ಅಂಕೆಗಳಲ್ಲಿವೆ.

ಆ ರಾತ್ರಿ ಕರೆಂಟು ಹೋಗಿತ್ತು, ಪವರ್ ಬ್ಯಾಂಕು ಇಟ್ಟಲ್ಲಿಯೇ ಖಾಲಿಯಾಗಿತ್ತು, ತಲೆಗೆ ಕಟ್ಟುವ ಟಾರ್ಚುಗಳೆರಡೂ ಉರಿದವು. ನಾವು ದಾಟುವಾಗ ಮೋರಿಯ ಮೇಲೆ ನೀರಿರಲಿಲ್ಲ. ಬೆಳಗ್ಗೆ ಅದರ ಮೇಲೆ ಎರಡಡಿಗೂ ಹೆಚ್ಚು ಹರಿಯುತ್ತಿತ್ತು, ಕೊಟ್ಟಿಗೆಯೊಳಗೆ ಮೊಣಕಾಲಿನವರೆಗೆ ಕೆಸರು. ಈ ಸಲ ಚಿಕ್ಕದು ನಡೆಯುತ್ತದೆ, ಎದೆಗೆ ಕಟ್ಟಿಸಿಕೊಳ್ಳಲು ಒಪ್ಪುವುದಿಲ್ಲ. ಜ್ವರದ ಸಿರಪ್ಪನ್ನು ಮಗುವಿನ ತೂಕ ನೋಡಿ ಡಾಕ್ಟರರು ಅಳತೆ ಬರೆದುಕೊಡುವುದಾದ್ದರಿಂದ ಹಳೆಯ ಚೀಟಿ ಇನ್ನು ನಡೆಯದು. ಮೇ ತಿಂಗಳೊಳಗೆ ಮೂವರನ್ನೂ ತೂಗಿಸಿ ಹೊಸದನ್ನು ಬರೆಸಬೇಕು, ದೊಡ್ಡವನಿಗೆ ದೊಡ್ಡ ಅಳತೆಯ ಚಪ್ಪಲಿಯನ್ನೂ ತರಬೇಕು.