ಪಾರ್ಕಿಗೆ ಹೋಗಿ, ಪೂರ್ತಿ ತೋರಿಸಬೇಡಿ

ಭಾನುವಾರ ಹತ್ತೂವರೆ ಆಗುವಷ್ಟರಲ್ಲಿ ಲಾಲ್‌ಬಾಗಿನ ಗೇಟುಗಳ ಹತ್ತಿರ ಅಳುವ ಮಕ್ಕಳೇ ಜಾಸ್ತಿ. ಒಂದು ಅಪ್ಪನ ಹೆಗಲ ಮೇಲೆ, ಇನ್ನೊಂದು ಅಮ್ಮನ ಕೈ ಜಗ್ಗುತ್ತಾ. ಅವು ಹಟಮಾರಿ ಮಕ್ಕಳಲ್ಲ. ಗಾಜಿನ ಮನೆ, ಕೆರೆ, ಬಂಡೆ, ಬೋನ್ಸಾಯ್ ತೋಟ ಎಲ್ಲವನ್ನೂ ಒಂದೇ ಬೆಳಿಗ್ಗೆ ನಡೆಸಿಕೊಂಡು ತೋರಿಸಿರುತ್ತಾರೆ. 240 ಎಕರೆ ತೋಟ ಅದು. ದೊಡ್ಡವರಿಗೇ ಕಾಲು ನೋಯುತ್ತದೆ, ಇನ್ನು ಮೂರು ವರ್ಷದ ಮಗುವಿನ ಪಾಡು?

1. ಒಂದೇ ಜಾಗ ಆರಿಸಿ

ಒಂದು ದಿನಕ್ಕೆ ಒಂದು ಜಾಗ ಸಾಕು. ಈ ವಾರ ಲಾಲ್‌ಬಾಗಿನ ಬಂಡೆ ಅಂದರೆ ಬಂಡೆ ಮಾತ್ರ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೈಮೇಲಿನ ಬಿಳಿ, ಕಪ್ಪು ಪಟ್ಟೆಗಳ ಮೇಲೆ ಬೆರಳಾಡಿಸಲು ಬಿಡಿ, ಬರಿಗಾಲಲ್ಲಿ ಹತ್ತಲು ಬಿಡಿ. ಎಂಟು ಗಂಟೆಯೊಳಗೆ ಅಲ್ಲಿರಬೇಕು. ಬಿಸಿಲೇರಿದ ಮೇಲೆ ಬಂಡೆ ಕಾದು ಕಾಲಿಡಲು ಆಗುವುದಿಲ್ಲ.

ಕಬ್ಬನ್ ಪಾರ್ಕಾದರೆ ಭಾನುವಾರವೇ ಒಳ್ಳೆಯದು. ಒಳಗಿನ ರಸ್ತೆಗಳಲ್ಲಿ ಅವತ್ತು ವಾಹನ ಬಿಡುವುದಿಲ್ಲ. ಕೈ ಬಿಟ್ಟು ಓಡಲು ನಮ್ಮ ಮಕ್ಕಳಿಗೆ ಊರಲ್ಲಿ ಇನ್ನೆಲ್ಲಿ ಜಾಗ ಇದೆ? ಬಾಲಭವನದ ಪುಟಾಣಿ ರೈಲು ಓಡುತ್ತಿದೆಯೇ ಎಂದು ವಿಚಾರಿಸಿಕೊಂಡೇ ಮಗುವಿಗೆ ಮಾತು ಕೊಡಿ. ಎರಡೂ ಕಡೆಗೆ ಮೆಟ್ರೊ ಇದೆ. ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಮಗುವಿನ ಹುರುಪನ್ನು ದಾರಿಯಲ್ಲೇ ಕಳೆಯಬೇಡಿ.

2. ಚೀಲ ಹಗುರವಿರಲಿ

ನೀರು, ಟೋಪಿ, ಹಳೇ ಬೆಡ್‌ಶೀಟು, ಒಂದು ಜೊತೆ ಬಟ್ಟೆ. ಅಷ್ಟೇ. ತಿಂಡಿ ಮನೆಯಲ್ಲೋ ದಾರಿಯಲ್ಲೋ ಮುಗಿಸಿ ಬನ್ನಿ.

ಸೊಳ್ಳೆಗೆಂದು ಮಾರುವ ಕೈಪಟ್ಟಿ, ಅಂಗಿಗೆ ಅಂಟಿಸುವ ಸ್ಟಿಕ್ಕರ್ ತರಲೇಬೇಡಿ, ದುಡ್ಡು ದಂಡ. ಪಟ್ಟಿ ಇರುವುದು ಕೈಗೆ, ಸೊಳ್ಳೆ ಕಚ್ಚುವುದು ಕಾಲಿಗೆ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಪೀಂ ಪೀಂ ಅನ್ನುವ ಶೂ ಕೂಡ ಬೇಡ. ಅದರ ಸದ್ದಿಗೆ ಅಳಿಲುಗಳೆಲ್ಲ ಮರ ಹತ್ತಿಬಿಡುತ್ತವೆ.

3. ಕೂತುಬಿಡಿ

ಬಹಳ ಜನ ತಪ್ಪುವುದು ಇಲ್ಲೇ. ಮಗು ಬಗ್ಗಿ ಒಣಗಿದ ಕಾಯಿ ಎತ್ತಿಕೊಂಡಿರುತ್ತದೆ. "ಗಲೀಜು, ಬಿಸಾಕು, ಬಾ ಆ ಕಡೆ ಬಾತುಕೋಳಿ ಇದೆ" ಎಂದು ಎಳೆದುಕೊಂಡು ಹೋಗುತ್ತಾರೆ. ಇಲ್ಲವೇ ಪರೀಕ್ಷೆ ಶುರು: "ಇದು ಯಾವ ಕಲರ್ ಹೇಳು? ಎಷ್ಟು ಎಲೆ ಇದೆ?" ಮಗುವಿಗೆ ಆ ಕಾಯಿಯೇ ಅವತ್ತಿನ ಪಾರ್ಕು. ಅದನ್ನು ಕಿತ್ತುಕೊಂಡರೆ ಉಳಿದದ್ದು ಬರೀ ನಡಿಗೆ.

ಕೆಂಪಿರುವೆ ಇಲ್ಲದ ಕಡೆ ನೋಡಿ, ಮರದಡಿ ಬೆಡ್‌ಶೀಟು ಹಾಸಿ. ಮೊದಲ ಅರ್ಧ ಗಂಟೆ ಎಲ್ಲಿಗೂ ಕರೆಯಬೇಡಿ, ಫೋಟೊ ತೆಗೆಯಬೇಡಿ. ಮಗು ಸುಮ್ನೆ ನಿಂತಿದ್ದರೆ ನಿಲ್ಲಲಿ. ಬೇಸರ ಅಂದರೆ ಉದುರಿದ್ದನ್ನು ಆರಿಸಲು ಹಚ್ಚಿ. ಕೊಂಬೆಯಿಂದ ಕೀಳಬಾರದು, ನೆಲದಲ್ಲಿ ಬಿದ್ದದ್ದು ಮಾತ್ರ.

ಏಪ್ರಿಲ್, ಮೇ ತಿಂಗಳಲ್ಲಿ ಗುಲ್‌ಮೊಹರ್ ಮರದಡಿ ಮೊಗ್ಗು ಬಿದ್ದಿರುತ್ತವೆ. ಒಂದನ್ನು ಬಿಡಿಸಿ. ಹೊರಗಿನ ಐದು ದಪ್ಪ ಎಸಳು ಒಳಗೆ ಕೆಂಪಗಿರುತ್ತವೆ. ಅವನ್ನು ಉಗುರಿಗೆ ಅಂಟಿಸಿದರೆ ಉದ್ದುದ್ದ ಕೆಂಪು ಉಗುರು. ಒಳಗೆ ಹತ್ತು ಕೇಸರ, ತುದಿಯಲ್ಲಿ ಪುಟ್ಟ ತಲೆ. ನೀವೊಂದು ಹಿಡಿಯಿರಿ, ಮಗುವಿಗೊಂದು ಕೊಡಿ. ತಲೆಗೆ ತಲೆ ಸಿಕ್ಕಿಸಿ ಎಳೆಯಿರಿ. ಯಾರದ್ದು ಉದುರಿತೋ ಅವರು ಸೋತರು. ಇದೇ ಕೋಳಿ ಜಗಳ. ಒಂದು ಮೊಗ್ಗಿಗೆ ಐದು ಆಟ ಸಿಗುತ್ತದೆ. ಒಣಗಿದ ಉದ್ದನೆಯ ಕಾಯಿ ಸಿಕ್ಕರೆ ಅದೇ ಕತ್ತಿ, ಅಲ್ಲಾಡಿಸಿದರೆ ಗಿಲಕಿ. ನೀರುಕಾಯಿ ಮರದ ಬಾಗಿದ ಮೊಗ್ಗಿನ ತುದಿ ಚಿವುಟಿ ಹಿಸುಕಿದರೆ ಪಿಚಕಾರಿಯ ಹಾಗೆ ನೀರು ಚಿಮ್ಮುತ್ತದೆ. ಮಳೆಗಾಲ ಮುಗಿದ ಮೇಲೆ ಬಂದರೆ ಆಕಾಶಮಲ್ಲಿಗೆ ಇದೆ. ಉದ್ದ ತೊಟ್ಟಿನ ಆ ಹೂಗಳನ್ನು ದಾರವಿಲ್ಲದೆ ಜಡೆ ಹೆಣೆದ ಹಾಗೆ ಹೆಣೆದು ಮಾಲೆ ಮಾಡಬಹುದು. ಇವೆಲ್ಲ ನಿಮಗೆ ಗೊತ್ತಿದ್ದ ಆಟಗಳೇ. ನಿಮ್ಮ ಮಗುವಿಗೆ ನೀವು ಕಲಿಸದಿದ್ದರೆ ಇನ್ಯಾರೂ ಕಲಿಸುವುದಿಲ್ಲ, ಅಲ್ವಾ?

ಕಣಗಿಲೆ ಗಿಡದ ಹತ್ತಿರ ಮಾತ್ರ ಕೂರಬೇಡಿ. ಪಾರ್ಕುಗಳಲ್ಲಿ ಬೇಲಿಗೆ ಅದನ್ನೇ ನೆಡುವುದುಂಟು. ಅದರ ಎಲೆ, ಹೂವು, ಬೀಜ ಎಲ್ಲವೂ ವಿಷ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗು ಜೊತೆಗಿದ್ದರೆ ಕಣ್ಣು ಬೇರೆ ಕಡೆ ಹೋಗಬಾರದು.

4. ಜಾರುಬಂಡೆ, ಜೋಕಾಲಿ

ತಗಡಿನ ಜಾರುಬಂಡೆಯನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರಬೇಡಿ. ಜೋಪಾನ ಅಂದುಕೊಂಡೇ ಎಲ್ಲರೂ ಹಾಗೆ ಮಾಡುತ್ತಾರೆ, ಆದರೆ ಅಪಾಯ ಅದರಲ್ಲೇ ಹೆಚ್ಚು. ಮಗುವಿನ ಶೂ ಪಕ್ಕದ ಅಂಚಿಗೆ ಸಿಕ್ಕಿಕೊಂಡರೆ ಹಿಂದಿನಿಂದ ನಿಮ್ಮ ಭಾರ ತಳ್ಳಿಕೊಂಡು ಬರುತ್ತದೆ, ಕಾಲು ತಿರುಚಿ ಮೂಳೆ ಮುರಿಯುತ್ತದೆ. ಒಬ್ಬನೇ ಜಾರಲು ಬಾರದ ಮಗು ಇನ್ನೊಂದು ವರ್ಷ ಕಾಯಲಿ.

5. ಹೊರಡುವುದು

"ಇನ್ನು ಐದು ನಿಮಿಷ" ಅಂದರೆ ಚಿಕ್ಕ ಮಕ್ಕಳಿಗೆ ಅರ್ಥವಾಗುವುದಿಲ್ಲ. "ಇನ್ನು ಮೂರು ಸಲ ಜಾರು, ಆಮೇಲೆ ಮನೆ" ಅನ್ನಿ, ಜೊತೆಗೆ ನಿಂತು ಎಣಿಸಿ. ಮೂರಾದ ಮೇಲೆ ಹೊರಟೇಬಿಡಿ. ನಾಲ್ಕನೆಯದಕ್ಕೆ ಒಪ್ಪಿದಿರೋ, ಮುಂದಿನ ವಾರ ನಿಮ್ಮ ಎಣಿಕೆಗೆ ಬೆಲೆ ಇರುವುದಿಲ್ಲ. ಮಗು ಸುಸ್ತಾಗುವ ತನಕ ಕಾಯಬಾರದು, ಇನ್ನೂ ನಗುತ್ತಿರುವಾಗಲೇ ಎಬ್ಬಿಸಿ.

ಗೇಟಿನ ಹೊರಗೆ ಗುಳ್ಳೆ ಬಿಡುವ ಪ್ಲಾಸ್ಟಿಕ್ ಗನ್ನು, ದೀಪದ ಹೆಲಿಕಾಪ್ಟರು ಹಿಡಿದು ಮಾರುವವರು ನಿಂತಿರುತ್ತಾರೆ. ಆ ಗನ್ನು ಸಂಜೆಯೊಳಗೆ ಕೆಡುತ್ತದೆ. ಕೊಡಿಸುತ್ತೀರೋ ಇಲ್ಲವೋ ಅನ್ನುವುದನ್ನು ಮನೆ ಬಿಡುವಾಗಲೇ ಮಗುವಿಗೆ ಹೇಳಿಬಿಡಿ. ಗೇಟಿನ ಹತ್ತಿರ ಮಾತು ಬದಲಿಸಬೇಡಿ. ಒಂದು ಪೊಟ್ಟಣ ಹುರಿದ ಕಡಲೆಕಾಯಿಗೆ ಮಾತ್ರ ನನ್ನ ಅಡ್ಡಿಯಿಲ್ಲ, ಮೆಟ್ರೊ ಹತ್ತುವ ಮುಂಚೆ ತಿಂದು ಮುಗಿಸಿ.