ದಿನಕ್ಕೊಂದು ಮಾತ್ರೆ, ಒಂದು ದಪ್ಪ ಫೈಲು: ಬ್ಲಡ್ ಕ್ಯಾನ್ಸರ್ ಜೊತೆ ನನ್ನ ಅನುಭವ

ನನಗಿರುವುದು ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ನಾನು ಡಾಕ್ಟರ್ ಅಲ್ಲ, ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು. ಆದರೂ ಸುತ್ತಮುತ್ತ ಯಾರಿಗಾದರೂ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾದರೆ ಅವರ ಮನೆಯವರು ನನಗೆ ಫೋನ್ ಮಾಡುತ್ತಾರೆ. ನಾನು ಮೊದಲು ಕೇಳುವುದು, "ಯಾವ ಬ್ಲಡ್ ಕ್ಯಾನ್ಸರ್?" ಅಂತ. ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ರಿಪೋರ್ಟಿನಲ್ಲಿ ಬರೆದಿರುತ್ತದೆ, ಓದಿರುವುದಿಲ್ಲ ಅಷ್ಟೇ.

ಅದು ಗೊತ್ತಿಲ್ಲದೆ ಮುಂದಿನ ಮಾತೇ ಇಲ್ಲ. ಅಕ್ಯೂಟ್, ಅಂದರೆ ಏಕಾಏಕಿ ಜೋರಾಗುವ ಲ್ಯುಕೇಮಿಯಾ ಆದರೆ ಎಲ್ಲವೂ ಕೆಲವೇ ವಾರಗಳಲ್ಲಿ ಕೈಮೀರಬಹುದು. ಬಿಡದ ಜ್ವರ, ಬಿಳಿಚಿಕೊಂಡ ಮುಖ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಕಾಲಿನ ಮೇಲೆ ಸಣ್ಣ ಕೆಂಪು ಚುಕ್ಕೆಗಳು. ಅಂಥವರು ಹಬ್ಬ ಮುಗಿಸಿಕೊಂಡು ಹೋಗೋಣ ಅನ್ನಬಾರದು, ಅವತ್ತೇ ಹೊರಡಬೇಕು. ಲಿಂಫೋಮಾ ಕತ್ತು, ಕಂಕುಳಲ್ಲಿ ನೋವಿಲ್ಲದ ಗಡ್ಡೆಯಾಗಿ ಕಾಣಿಸುವುದು ಜಾಸ್ತಿ. ಮೈಲೋಮಾ ಹೆಚ್ಚಾಗಿ ವಯಸ್ಸಾದವರಿಗೆ ಬರುತ್ತದೆ, ಬೆನ್ನುನೋವು, ರಕ್ತಹೀನತೆ, ಕಿಡ್ನಿ ತೊಂದರೆ ಅಂತ ಶುರುವಾಗುತ್ತದೆ. ಮಕ್ಕಳಲ್ಲಿ ಜಾಸ್ತಿ ಕಾಣುವ ಎಎಲ್‌ಎಲ್ ಅನ್ನುವ ಅಕ್ಯೂಟ್ ಲ್ಯುಕೇಮಿಯಾಕ್ಕೆ ಎರಡು-ಮೂರು ವರ್ಷ ಕೀಮೋ ಇರುತ್ತದೆ, ಬಹಳಷ್ಟು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ನನ್ನದಕ್ಕೆ ದಿನಕ್ಕೊಂದು ಮಾತ್ರೆ. "ನಮ್ಮ ಬೀಗರಿಗೆ ಕೂದಲೆಲ್ಲ ಉದುರಿತ್ತು, ನಿಮಗ್ಯಾಕೆ ಉದುರಿಲ್ಲ?" ಅನ್ನುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ನನಗೆ ಮೊದಲು ಗೊತ್ತಾಗಿದ್ದು ಊಟದಲ್ಲಿ. ಎರಡು ಮುದ್ದೆ ಉಣ್ಣುತ್ತಿದ್ದವನಿಗೆ ಅರ್ಧಕ್ಕೇ ಹೊಟ್ಟೆ ಬಿಗಿಯುತ್ತಿತ್ತು. ಎಡಗಡೆ ಪಕ್ಕೆಯ ಕೆಳಗೆ ಏನೋ ಭಾರ. ಬೈಕು ಗುಂಡಿಗೆ ಇಳಿದರೆ ಅಲ್ಲೇ ಚುಳ್ ಅನ್ನುತ್ತಿತ್ತು. ರಾತ್ರಿ ಬೆವತು ಬನಿಯನ್ ಒದ್ದೆ, ಪ್ಯಾಂಟು ಸಡಿಲ. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡುತ್ತಲೇ ಇದ್ದರು. ಒಂದು ಸಲವೂ ಹೊಟ್ಟೆ ಮುಟ್ಟಿ ನೋಡಲಿಲ್ಲ ಅನ್ನುವುದೇ ನನ್ನ ತಕರಾರು. ಇನ್ನೊಬ್ಬರು ಮಲಗಿಸಿ, ಉಸಿರು ಎಳೆದುಕೊಳ್ಳಿ ಅಂತ ಹೇಳಿ ಪಕ್ಕೆ ಕೆಳಗೆ ಬೆರಳಿಟ್ಟರು. "ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆ, ಇವತ್ತೇ ಸಿಬಿಸಿ ಮಾಡಿಸಿ" ಅಂದರು. ಸಿಬಿಸಿ ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ.

ದೊಡ್ಡವರಲ್ಲಿ ಬಿಳಿ ರಕ್ತಕಣ ಸುಮಾರು 4,000ದಿಂದ 11,000 ಇರಬೇಕು. ನನ್ನದು 1,86,000. ಲ್ಯಾಬಿನ ಹುಡುಗ ಮೆಷಿನ್ ಕೆಟ್ಟಿದೆ ಅಂದುಕೊಂಡು ಮತ್ತೊಮ್ಮೆ ಹಾಕಿ ನೋಡಿದ. ಆಮೇಲೆ ಸ್ಮಿಯರ್. ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಮೂಳೆಯ ಮಜ್ಜೆಯಲ್ಲೇ ಇದ್ದು ಬಲಿಯಬೇಕಾದ ಕಣಗಳು ನನ್ನ ರಕ್ತದಲ್ಲಿ ಓಡಾಡುತ್ತಿದ್ದವು. ತೀರಾ ಎಳೆಯ ಬ್ಲಾಸ್ಟ್ ಕಣಗಳು ಮಾತ್ರ ಕಡಿಮೆ ಇದ್ದವು. ಕಾಯಿಲೆ ಇನ್ನೂ ಮೊದಲ ಹಂತದಲ್ಲಿದೆ ಅನ್ನುವುದಕ್ಕೆ ಅದು ಒಂದು ಗುರುತು.

ಬೋನ್ ಮ್ಯಾರೋ ಪರೀಕ್ಷೆ ಅಂದರೆ ಜನ ನಡುಗುತ್ತಾರೆ. ಬೆನ್ನುಹುರಿಗೆ ಸೂಜಿ ಹಾಕ್ತಾರೆ, ಕಾಲು ಸ್ವಾಧೀನ ಹೋಗುತ್ತೆ ಅಂತ ನೆಂಟರು ಹೆದರಿಸಿರುತ್ತಾರೆ. ಹಾಗೇನೂ ಇಲ್ಲ. ಸೂಜಿ ಹೋಗುವುದು ಸೊಂಟದ ಹಿಂದಿನ ಮೂಳೆಗೆ. ಒಂದು ಮಗ್ಗುಲಿಗೆ ಮಲಗಿ ಮಂಡಿ ಮಡಿಸಿಕೊಳ್ಳಬೇಕು. ಮರಗಟ್ಟಿಸುವ ಇಂಜೆಕ್ಷನ್ ಸ್ವಲ್ಪ ಉರಿಯುತ್ತದೆ. ಆಮೇಲೆ ದಪ್ಪ ಸೂಜಿಯನ್ನು ತಿರುವುತ್ತಾ ಒತ್ತುವುದು ಗೊತ್ತಾಗುತ್ತಿತ್ತು, ನೋವು ಅಷ್ಟೇನಿರಲಿಲ್ಲ. ನೋವಾಗಿದ್ದು ಸಿರಿಂಜಿನಲ್ಲಿ ಮಜ್ಜೆ ಎಳೆದಾಗ. ತೊಡೆಯವರೆಗೂ ಜುಂ ಅಂದಿತು, ಕೆಲವೇ ಸೆಕೆಂಡು. ಮೂಳೆ ಒಳಗಿನ ಆ ಸೆಳೆತವನ್ನು ಇಂಜೆಕ್ಷನ್ ಪೂರ್ತಿ ತಡೆಯುವುದಿಲ್ಲ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು, ಹಾಗಾಗಿ ಗಾಬರಿಯಾಗಲಿಲ್ಲ. ತೆಗೆದದ್ದನ್ನು ಅಲ್ಲೇ ಗಾಜಿನ ಮೇಲೆ ಹಾಕಿ, ಓರೆ ಹಿಡಿದು, ರಕ್ತದ ನಡುವೆ ಮಜ್ಜೆಯ ಸಣ್ಣ ತುಣುಕುಗಳು ಬಂದಿವೆಯಾ ಅಂತ ನೋಡಿದರು. "ಸಾಕು, ಚೆನ್ನಾಗಿ ಬಂದಿದೆ" ಅಂದರು. ಪಟ್ಟಿ ಹಾಕಿ ಅಂಗಾತ ಮಲಗಿಸಿದರು. ಸಂಜೆ ನಾನೇ ನಡೆದು ಬಸ್ಸು ಹತ್ತಿದೆ.

ಸಿಎಂಎಲ್ ಅಂತ ಖಾತ್ರಿ ಮಾಡುವುದು ಬಿಸಿಆರ್-ಎಬಿಎಲ್ ಪರೀಕ್ಷೆ. ಮಜ್ಜೆಯ ಒಂದು ಕಣದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಒಂದು ಹೊಸ ಜೀನ್ ಹುಟ್ಟುತ್ತದೆ. ಸ್ವಿಚ್ಚು ಕೆಟ್ಟು ಆಫ್ ಆಗದೆ ಓಡುವ ಪಂಪ್‌ಸೆಟ್ಟಿನ ಹಾಗೆ ಅದು ಕಣಗಳನ್ನು ಹುಟ್ಟಿಸುತ್ತಲೇ ಇರುತ್ತದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದರ ಸುಳಿವು ಮೊದಲು ಸಿಕ್ಕಿತು. ಇದು ಅಪ್ಪ ಅಮ್ಮನಿಂದ ಬರುವುದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ನಮ್ಮ ಮಾವನವರಿಗೆ ಇದನ್ನು ಡಾಕ್ಟರ ಬಾಯಿಂದಲೇ ಹೇಳಿಸಬೇಕಾಯಿತು!

ರಿಪೋರ್ಟ್ ಬರುವವರೆಗೆ ಕಣ ಇಳಿಸಲು ಹೈಡ್ರಾಕ್ಸಿಯೂರಿಯಾ, ಯೂರಿಕ್ ಆಸಿಡ್ ಏರದಂತೆ ಅಲೋಪ್ಯುರಿನಾಲ್, ಜೊತೆಗೆ ಚೆನ್ನಾಗಿ ನೀರು. ಆಮೇಲೆ ಇಮಾಟಿನಿಬ್ 400 ಮಿಲಿಗ್ರಾಂ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧಿ ಇದು. ನೊವಾರ್ಟಿಸ್ ಕಂಪನಿಯ ಮಾತ್ರೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಕಾಲವಿತ್ತು. ಭಾರತದ ಕಂಪನಿಗಳ ಮಾತ್ರೆ ಅದರ ಹತ್ತನೇ ಒಂದು ಭಾಗಕ್ಕೇ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಆ ಕಂಪನಿಗೆ ಪೇಟೆಂಟ್ ಇಲ್ಲ ಅಂದದ್ದರಿಂದ ಅಗ್ಗದ ಮಾತ್ರೆ ಉಳಿಯಿತು. ನನ್ನಂಥವರು ಬದುಕಿರುವುದರಲ್ಲಿ ಆ ತೀರ್ಪಿನ ಪಾಲೂ ಇದೆ ಅಂತ ನನ್ನ ಲೆಕ್ಕ.

ಮಾತ್ರೆ ನುಂಗುವುದಕ್ಕೂ ಒಂದು ಕ್ರಮ ಇದೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಂತಿ ಬರುತ್ತದೆ. ನಾನು ರಾತ್ರಿ ಊಟದ ನಡುವೆಯೇ ಮಾತ್ರೆ ಹಾಕಿಕೊಂಡು, ದೊಡ್ಡ ಲೋಟ ನೀರು ಕುಡಿದು, ಉಳಿದ ಅನ್ನ ಉಣ್ಣುತ್ತೇನೆ. ತಕ್ಷಣ ಮಲಗುವುದಿಲ್ಲ. ಬೆಳಿಗ್ಗೆ ಕಣ್ಣಿನ ಸುತ್ತ ಊತ, ನಡುರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಮುಖ ಬಿಳಿಚುವುದು, ಇವೆಲ್ಲ ಇದ್ದವು. ಡಾಕ್ಟರಿಗೆ ಹೇಳಿದೆ, ಮಾತ್ರೆ ಮಾತ್ರ ಬಿಡಲಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗುವ ಹಾಗಿಲ್ಲ. ಇನ್ನೊಂದು ವಿಷಯ ಚಕ್ಕೋತ. ದೇವನಹಳ್ಳಿ ಕಡೆ ನಮ್ಮ ನೆಂಟರಿದ್ದಾರೆ, ಹಣ್ಣು ಬರುತ್ತಲೇ ಇರುತ್ತದೆ. ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಈ ಔಷಧಿ ಮೈಯಲ್ಲಿ ಕರಗುವುದನ್ನು ತಡೆದು ಅದರ ಪ್ರಮಾಣ ಏರಿಸುತ್ತದೆ, ಅದಕ್ಕೇ ಚಕ್ಕೋತವೂ ಬೇಡ ಅಂದರು. ಗೋಧಿಹುಲ್ಲಿನ ರಸ, ಬೇರಿನ ಕಷಾಯ ಅಂತ ತಂದುಕೊಡುವವರಿಗೆ ಕೊರತೆಯಿಲ್ಲ. ಕೈಮುಗಿದು ತಗೊಳ್ಳುತ್ತೇನೆ, ಡಾಕ್ಟರನ್ನು ಕೇಳದೆ ಕುಡಿಯುವುದಿಲ್ಲ.

ಎರಡು ತಿಂಗಳು ಕಳೆಯುವುದರೊಳಗೆ ನನ್ನ ಸಿಬಿಸಿ ಸರಿಹೋಯಿತು, ಗುಲ್ಮ ಇಳಿಯಿತು, ಮುದ್ದೆ ಮತ್ತೆ ಒಳಗಿಳಿಯಿತು. ಎಷ್ಟೋ ಜನ ಜಾರುವುದು ಇಲ್ಲೇ. ಓಪಿಡಿಯಲ್ಲಿ ಪರಿಚಯವಾದ ಲಾರಿ ಡ್ರೈವರ್ ಒಬ್ಬರು "ಆರಾಮಾಗಿದೀನಿ ಸಾರ್" ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದರು. ಒಂದು ವರ್ಷದಲ್ಲಿ ಇಮಾಟಿನಿಬ್ ಕೆಲಸ ಮಾಡುವುದು ನಿಂತು, ಅವರಿಗೆ ಡಸಾಟಿನಿಬ್ ಅನ್ನುವ ಬೇರೆ ಮಾತ್ರೆ ಬರೆದರು. ಸಿಬಿಸಿಯಲ್ಲಿ ಕಾಣದ ಕಾಯಿಲೆ ಬಿಸಿಆರ್-ಎಬಿಎಲ್‌ನಲ್ಲಿ ಕಾಣುತ್ತದೆ. ಮಾತ್ರೆ ಶುರುವಾದ ಮೇಲೆ ಆ ಕೆಟ್ಟ ಜೀನಿನ ಪ್ರಮಾಣ ಮೂರು ತಿಂಗಳಿಗೆ 10%, ಆರು ತಿಂಗಳಿಗೆ 1%, ವರ್ಷಕ್ಕೆ 0.1%, ಇದಕ್ಕಿಂತ ಕೆಳಗಿಳಿದರೆ ದಾರಿ ಸರಿ ಇದೆ ಅಂತ. ರಿಪೋರ್ಟಿನಲ್ಲಿ ಆ ಶೇಕಡಾ ಅಂಕಿಯ ಪಕ್ಕ ಐಎಸ್ ಅಂತ ಇದೆಯಾ ನೋಡಿ, ಎಲ್ಲ ಲ್ಯಾಬುಗಳೂ ಒಂದೇ ಅಳತೆಯಲ್ಲಿ ಹೇಳಲು ಮಾಡಿದ ಲೆಕ್ಕ ಅದು. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು. ಫೈಲಿನ ಮೊದಲ ಹಾಳೆಯಲ್ಲಿ ತಾರೀಕು, ಬಿಳಿ ಕಣ, ಪ್ಲೇಟ್‌ಲೆಟ್, ಈ ಶೇಕಡಾ, ಎಲ್ಲ ಸಾಲಾಗಿ ಬರೆದಿಟ್ಟಿದ್ದೇನೆ. ಹೊಸ ಡಾಕ್ಟರು ಬಂದರೂ ಆ ಒಂದು ಹಾಳೆ ನೋಡಿದರೆ ಸಾಕು.

ಖರ್ಚಿನ ವಿಷಯದಲ್ಲಿ ಎರಡೇ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯಲ್ಲಿ ಮೊದಲ ದಿನವೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರ್ ಎಲ್ಲಿದೆ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆ ಊರಿಗೋ ಚಿಕಿತ್ಸೆಗೆ ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಬರೆಸಿಕೊಳ್ಳಿ, ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರಿನಲ್ಲಿ ದರ ಪೂರ್ತಿ ಮಾಫಿ.

ವರ್ಷಗಟ್ಟಲೆ ಪಿಸಿಆರ್, ಅಂದರೆ ಇದೇ ಬಿಸಿಆರ್-ಎಬಿಎಲ್ ಪರೀಕ್ಷೆಯ ಶೇಕಡಾ, ತೀರಾ ಕೆಳಗಿದ್ದವರು ಡಾಕ್ಟರ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ನೋಡಬಹುದು. ಹಾಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ, ಮಾತ್ರೆ ಶುರು ಮಾಡಿದರೆ ಹೆಚ್ಚಿನವರಲ್ಲಿ ಮತ್ತೆ ಇಳಿಯುತ್ತದೆ. ಆದರೆ ಮೊದಲ ತಿಂಗಳುಗಳಲ್ಲಿ ಪ್ರತಿ ತಿಂಗಳೂ ಪಿಸಿಆರ್ ಮಾಡಿಸಬೇಕು, ಒಂದೊಂದಕ್ಕೂ ಸಾವಿರಗಟ್ಟಲೆ ಖರ್ಚು, ಜೊತೆಗೆ ಓಡಾಟ. ಹೋದ ಸಲ ಡಾಕ್ಟರಮ್ಮ ಕೇಳಿದರು, "ನಿಲ್ಲಿಸಿ ನೋಡೋಣ್ವಾ?" ಅಂತ. ಮಗಳ ಮದುವೆ ಆಗಲಿ ಮೇಡಂ, ಆಮೇಲೆ ನೋಡೋಣ ಅಂದೆ.